ಬೇರುಗಂಟಿನ ಗುಟ್ಟು: ಮಾರ್ಟಿನಸ್ ಬೈಜರಿಂಕ್‌ನ ಬದುಕು ಮತ್ತು ಸಾಧನೆ

1

ನಾಗಪುರದ ಉತ್ತರಕ್ಕಿರುವ ಕೋರಾಡಿ ಎರಡು ಕಾರಣಗಳಿಂದ ಹೆಸರಾದ ಊರು. ಒಂದು, ಅಲ್ಲಿಯ ಮಹಾಲಕ್ಷ್ಮೀ ಜಗದಂಬೆಯ ದೇವಾಲಯ. ಇನ್ನೊಂದು, 1974ರಲ್ಲಿ ಕೆಲಸವನ್ನಾರಂಭಿಸಿದ ಶಾಖೋತ್ಪನ್ನ ವಿದ್ಯುತ್ ಸ್ಥಾವರ. ಕಲ್ಲಿದ್ದಲು ಉರಿದು ವಿದ್ಯುತ್ತಾದ ಮೇಲೆ ಉಳಿಯುವುದು ಬೂದಿ. ಕೋರಾಡಿ ಮತ್ತು ಅದರ ನೆರೆಯ ಖಾಪರಖೇಡದ ಸುತ್ತಮುತ್ತ ಈ ಬೂದಿ ದಶಕಗಳಿಂದ ಶೇಖರವಾಗುತ್ತ ಬಂದಿದೆ. ಅದರಲ್ಲಿ ಸುಣ್ಣದ ಅಂಶವಿದೆ, ಪೊಟ್ಯಾಷ್ ಇದೆ, ಸಸ್ಯಗಳಿಗೆ ಬೇಕಾದ ಇನ್ನೂ ಹಲವು ಖನಿಜಗಳಿವೆ. ಆದರೆ ಸಾರಜನಕ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇದ್ದಲಿನಲ್ಲಿದ್ದ ಸಾರಜನಕ ಉರಿಯುವಾಗಲೇ ಹೊಗೆಯೊಡನೆ ಹೊರಟುಹೋಗಿರುತ್ತದೆ. ಆದುದರಿಂದಲೇ ಬರಿಯ ಬೂದಿಯ ಮೇಲೆ ಹುಲ್ಲು ಸಹ ಸುಲಭವಾಗಿ ಹುಟ್ಟುವುದಿಲ್ಲ.

ಇದೇ ಸೀಮೆಯ ಕರಿಮಣ್ಣಿನ ಹೊಲಗಳಲ್ಲಿ ವಿದರ್ಭದ ರೈತರು ಹತ್ತಿಯ ಕೆಲವು ಸಾಲುಗಳ ನಡುವೆ ಒಂದು ಸಾಲು ತೊಗರಿಯನ್ನು ಬಿತ್ತುವ ರೂಢಿಯುಂಟು. ಉತ್ತರ ಕರ್ನಾಟಕದ ರೈತರು ಜೋಳದೊಡನೆ ತೊಗರಿಯನ್ನೂ, ಹಳೆಯ ಮೈಸೂರಿನ ರೈತರು ರಾಗಿಯೊಡನೆ ಅವರೆಯನ್ನೂ ಬೆಳೆಯುತ್ತ ಬಂದುದು ಇದೇ ತಿಳಿವಳಿಕೆಯಿಂದ. ಅಕ್ಕಡಿ ಸಾಲು ಎಂದು ಕನ್ನಡ ನಾಡು ಕರೆಯುವ ಈ ಪದ್ಧತಿಯ ಹಿಂದೆ ತಲೆಮಾರುಗಳ ಅನುಭವವಿದೆ. ಬೇಸಾಯದ ಅರಿವನ್ನು ಗ್ರಂಥಸ್ಥಗೊಳಿಸುವ ಕೆಲಸವೂ ನಮ್ಮಲ್ಲಿ ಹಳೆಯದೇ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನ ಕೊಟ್ಟಿದ್ದಾನೆ. ಬೇಳೆಕಾಳು ಬೆಳೆದ ಹೊಲ ಮರುವರ್ಷ ಹುಲುಸಾಗುತ್ತದೆಂಬುದನ್ನು ರೈತನು ಕಣ್ಣಾರೆ ಕಂಡಿದ್ದನು. ಹಾಗೆ ಏಕಾಗುತ್ತದೆ ಎಂಬುದು ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಯಾರಿಗೂ ತಿಳಿದಿರಲಿಲ್ಲ. ಆ ಗುಟ್ಟಿನ ಹಿಂದಿದ್ದ ಜೀವಿಯನ್ನು ಬೇರಿನ ಗಂಟಿನೊಳಗಿಂದ ಹೊರತೆಗೆದು, ಶುದ್ಧ ರೂಪದಲ್ಲಿ ಬೆಳೆಸಿ ಲೋಕಕ್ಕೆ ತೋರಿಸಿದವನು ಮಾರ್ಟಿನಸ್ ವಿಲೆಮ್ ಬೈಜರಿಂಕ್. ಬೂದಿಯ ದಿಬ್ಬದ ಮೇಲೆ ಹಸಿರು ಚಿಗುರಿಸಲು ಹೊರಟವರಿಗೂ, ತೊಗರಿಯ ಬೀಜಕ್ಕೆ ಜೈವಿಕ ಗೊಬ್ಬರ ಲೇಪಿಸುವ ರೈತನಿಗೂ ಆತ ಸಮಾನವಾಗಿ ಸಂಬಂಧಿಸಿದವನು.

2

ಬೈಜರಿಂಕ್ ಹುಟ್ಟಿದ್ದು 1851ರ ಮಾರ್ಚ್ 16ರಂದು, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ. ತಂದೆ ಡೆರ್ಕ್ ಹೊಗೆಸೊಪ್ಪಿನ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿತು. ಕುಟುಂಬ ಆಮ್‌ಸ್ಟರ್‌ಡ್ಯಾಮನ್ನು ಬಿಡಬೇಕಾಯಿತು; ತಂದೆ ರೈಲ್ವೆಯಲ್ಲಿ ಗುಮಾಸ್ತನಾಗಿ ಸೇರಿ ಸಂಸಾರವನ್ನು ಸಾಗಿಸಿದನು. ಶಾಲೆಯ ಖರ್ಚು ಭರಿಸುವ ಅನುಕೂಲವಿಲ್ಲದ ಕಾರಣ ಹುಡುಗನಿಗೆ ಹನ್ನೆರಡು ವರ್ಷವಾಗುವವರೆಗೆ ತಂದೆಯೇ ಮನೆಯಲ್ಲಿ ಪಾಠ ಹೇಳಿದನು. ಬಡತನದ ಈ ನೆನಪು ಬೈಜರಿಂಕ್‌ನ ಸ್ವಭಾವದಲ್ಲಿ ಕೊನೆಯವರೆಗೂ ಉಳಿಯಿತು. ಕೆಲಸದಲ್ಲಿ ಹಟ, ಮಾತಿನಲ್ಲಿ ಬಿರುಸು, ತನ್ನ ಯೋಗ್ಯತೆಯ ಬಗೆಗೆ ಆಗಾಗ ಕಾಡುವ ಅನುಮಾನ, ಇವೆಲ್ಲ ಅವನಲ್ಲಿ ಒಟ್ಟಿಗೇ ಬೆಳೆದುವು.

ಹಾರ್ಲೆಮ್‌ನ ಪ್ರೌಢಶಾಲೆಯಲ್ಲಿ ಓದುವಾಗ ಅವನಿಗೆ ಗಿಡಮೂಲಿಕೆಗಳ ಹುಚ್ಚು ಹತ್ತಿತು. ಸಸ್ಯಗಳನ್ನು ಸಂಗ್ರಹಿಸಿ ಒಣಗಿಸಿ ಹೆಸರು ಬರೆದಿಡುವುದರಲ್ಲಿ ಬಹುಮಾನವನ್ನೂ ಗಳಿಸಿದನು. ಮುಂದೆ ಡೆಲ್ಫ್ಟ್ ನಗರದ ತಾಂತ್ರಿಕ ಶಾಲೆಯಲ್ಲಿ ರಸಾಯನಶಾಸ್ತ್ರದ ಅಭ್ಯಾಸ ನಡೆಯಿತು. ಚಿಕ್ಕಪ್ಪನೊಬ್ಬನ ಹಣದ ನೆರವು ಈ ವ್ಯಾಸಂಗಕ್ಕೆ ಆಧಾರವಾಯಿತು. ಅಲ್ಲಿ ಅವನ ಒಡನಾಡಿಯಾಗಿದ್ದವನು ಯಾಕೋಬಸ್ ವಾಂಟ್ ಹಾಫ್. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕವನ್ನು ಪಡೆದವನು ಇವನೇ. ಇಬ್ಬರು ಗೆಳೆಯರೂ ತಮ್ಮ ಬಾಡಿಗೆಯ ಕೋಣೆಯಲ್ಲೇ ರಾಸಾಯನಿಕ ಪ್ರಯೋಗಗಳನ್ನು ನಡೆಸುತ್ತಿದ್ದರು. ವಾಂಟ್ ಹಾಫ್ ಅಣುಗಳ ಲೋಕಕ್ಕೆ ಹೋದನು. ಬೈಜರಿಂಕ್ ಸಸ್ಯಗಳ ಕಡೆಗೆ ಹಿಂದಿರುಗಿದನು. ಆದರೆ ಜೀವಿಯನ್ನು ರಸಾಯನಶಾಸ್ತ್ರಜ್ಞನ ಕಣ್ಣಿನಿಂದ ನೋಡುವ ಅಭ್ಯಾಸ ಅವನಿಗೆ ಅಂದೇ ಅಂಟಿಕೊಂಡಿತು.

1877ರಲ್ಲಿ ಲೈಡನ್ ವಿಶ್ವವಿದ್ಯಾಲಯ ಅವನಿಗೆ ಡಾಕ್ಟರೇಟ್ ಪದವಿಯನ್ನಿತ್ತಿತು. ಪ್ರಬಂಧದ ವಿಷಯ ಸಸ್ಯಗಳ ಮೇಲೆ ಏಳುವ ಗಂಟುಗಳು. ಓಕ್ ಮೊದಲಾದ ಮರಗಳ ಎಲೆ, ರೆಂಬೆಗಳ ಮೇಲೆ ಕೀಟವೊಂದು ಮೊಟ್ಟೆಯಿಟ್ಟಾಗ ಗಿಡದ ಅಂಗಾಂಶ ಉಬ್ಬಿ ಗಂಟಾಗುತ್ತದೆ. ಪರಜೀವಿಯೊಂದು ಗಿಡದ ಒಡಲನ್ನೇ ತನಗೆ ಬೇಕಾದಂತೆ ಮನೆಯಾಗಿ ಕಟ್ಟಿಸಿಕೊಳ್ಳುವ ಈ ವಿಚಿತ್ರ ಅವನನ್ನು ಆಳವಾಗಿ ಸೆಳೆಯಿತು. ಬೇರಿನ ಗಂಟುಗಳ ಕಡೆಗೆ ಅವನು ಮುಂದೆ ತಿರುಗಿದುದು ಈ ಹಿನ್ನೆಲೆಯಲ್ಲಿ ಆಕಸ್ಮಿಕವೇನೂ ಅಲ್ಲ.

3

ಸಂಶೋಧನೆಗೆ ಹೊಟ್ಟೆಪಾಡಿನ ಆಸರೆ ಬೇಕಾಗಿತ್ತು. ವಾಗೆನಿಂಗೆನ್ನಿನ ಕೃಷಿಶಾಲೆಯಲ್ಲಿ ಆತ ಸಸ್ಯಶಾಸ್ತ್ರವನ್ನು ಬೋಧಿಸಿದನು. ಹುಟ್ಟಾ ಶಿಕ್ಷಕನಲ್ಲದ ಅವನಿಗೆ ವಿದ್ಯಾರ್ಥಿಗಳೊಡನೆ ಹೊಂದಿಕೆಯಾಗಲಿಲ್ಲ. ತಾನು ತಿಳಿದುದನ್ನು ಇತರರೂ ತಕ್ಷಣ ತಿಳಿಯಬೇಕೆಂಬ ಅವಸರ ಅವನದು. ಆದರೂ ಅವನ ಬರಹಗಳು ವಿದ್ವಾಂಸರ ಗಮನ ಸೆಳೆದಿದ್ದುವು. 1884ರಲ್ಲಿ ಆತ ಹಾಲೆಂಡಿನ ವಿಜ್ಞಾನ ಅಕಾಡೆಮಿಯ ಸದಸ್ಯನಾದನು.

ಮರುವರ್ಷವೇ ಅವನ ಬಾಳು ತಿರುವು ಪಡೆಯಿತು. ಡೆಲ್ಫ್ಟಿನಲ್ಲಿ ವಾನ್ ಮಾರ್ಕೆನ್ ಎಂಬ ಉದ್ಯಮಿ ಯೀಸ್ಟ್ ಹಾಗೂ ಮದ್ಯಸಾರದ ಕಾರ್ಖಾನೆಯೊಂದನ್ನು ನಡೆಸುತ್ತಿದ್ದನು. ಉದ್ಯಮಕ್ಕೂ ಸೂಕ್ಷ್ಮಜೀವಿಗಳ ಶಾಸ್ತ್ರ ಬೇಕೆಂಬುದನ್ನು ಅರಿತಿದ್ದ ಆತ 1885ರಲ್ಲಿ ಬೈಜರಿಂಕ್‌ನನ್ನು ಕಾರ್ಖಾನೆಯ ಪ್ರಯೋಗಾಲಯಕ್ಕೆ ಕರೆಸಿಕೊಂಡನು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಬೈಜರಿಂಕ್‌ಗೆ ಆಗ ಹೇಳಿಕೊಳ್ಳುವಂಥ ತರಬೇತಿಯಿರಲಿಲ್ಲ. ಮೂವತ್ತನಾಲ್ಕರ ವಯಸ್ಸಿನಲ್ಲಿ ಆತ ಹೊಸ ಶಾಸ್ತ್ರವೊಂದನ್ನು ಮೊದಲಿನಿಂದ ಕಲಿಯಬೇಕಾಯಿತು. ಆದರೆ ಕಾರ್ಖಾನೆಯ ಮಾಲೀಕನು ಅವನಿಗೆ ತನ್ನಿಚ್ಛೆಯ ಸಂಶೋಧನೆಗೂ ಅವಕಾಶವಿತ್ತಿದ್ದನು. ಆ ಔದಾರ್ಯದ ಫಲ ಬಹುಬೇಗ ಕಾಣಿಸಿಕೊಂಡಿತು.

4

ಅಂದಿನ ವಿಜ್ಞಾನಿಗಳೆದುರಿಗೆ ಇದ್ದ ಸಮಸ್ಯೆ ಹೀಗಿತ್ತು. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ಒಂದು ಹೆಕ್ಟೇರ್ ನೆಲದ ಮೇಲಿನ ವಾಯುಮಂಡಲದಲ್ಲಿ ಎಪ್ಪತ್ತು ಸಾವಿರ ಟನ್ನಿಗೂ ಮಿಕ್ಕಿದ ಸಾರಜನಕವಿರುತ್ತದೆ. ಆದರೆ ಅದರ ಅಣುವಿನಲ್ಲಿ ಎರಡು ಪರಮಾಣುಗಳು ಎಷ್ಟು ಬಿಗಿಯಾಗಿ ಕೂಡಿಕೊಂಡಿವೆಯೆಂದರೆ ಯಾವ ಗಿಡವೂ ತಾನಾಗಿ ಅದನ್ನು ಒಡೆದು ಬಳಸಲಾರದು. ನೀರಿನ ನಡುವೆ ನಿಂತು ಬಾಯಾರಿಕೆಯಿಂದ ಬಳಲುವವನ ಸ್ಥಿತಿ ಬೆಳೆಗಳದು. ಹೀಗಿರುವಾಗ, ಬಟಾಣಿ ಹಾಗೂ ಕ್ಲೋವರ್ ಮೇವಿನ ಗಿಡಗಳು ಗೊಬ್ಬರವಿಲ್ಲದ ಮಣ್ಣಿನಲ್ಲೂ ಸಾರಜನಕವನ್ನು ಗಳಿಸಿಕೊಳ್ಳುತ್ತವೆಂದು ಫ್ರಾನ್ಸಿನ ಬೂಸ್ಯಾಂಗೊ 1838ರಲ್ಲಿ ಪ್ರಕಟಿಸಿದನು. ಇಪ್ಪತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದಲ್ಲಿ ಅತ್ಯಂತ ಎಚ್ಚರಿಕೆಯಿಂದ ನಡೆದ ಪ್ರಯೋಗಗಳು ಇದಕ್ಕೆ ವಿರುದ್ಧವಾದ ಫಲಿತಾಂಶವನ್ನು ಕೊಟ್ಟುವು. ಆ ಪ್ರಯೋಗಗಳ ಅತಿಯಾದ ಎಚ್ಚರಿಕೆಯೇ ಅವುಗಳ ದೋಷವಾಗಿತ್ತು. ಮಣ್ಣನ್ನು ಸುಟ್ಟು ಶುದ್ಧಗೊಳಿಸಿದಾಗ ಅದರಲ್ಲಿದ್ದ ಸೂಕ್ಷ್ಮಜೀವಿಗಳೂ ಸತ್ತಿದ್ದುವು.

1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಈ ಗೊಂದಲವನ್ನು ಬಗೆಹರಿಸಿದನು. ಸಹೋದ್ಯೋಗಿ ವಿಲ್‌ಫಾರ್ತ್‌ನೊಡನೆ ಆತ ನಡೆಸಿದ ಪ್ರಯೋಗಗಳಲ್ಲಿ, ಕ್ರಿಮಿಶುದ್ಧಗೊಳಿಸಿದ ಮರಳಿನಲ್ಲಿ ಬೆಳೆದ ಬಟಾಣಿ ಸೊರಗಿತು; ಅದೇ ಮರಳಿಗೆ ಹೊಲದ ಮಣ್ಣನ್ನು ನೆನೆಸಿದ ನೀರು ಸ್ವಲ್ಪ ಸುರಿದಾಗ ಬೇರಿನಲ್ಲಿ ಗಂಟುಗಳು ಮೂಡಿ ಗಿಡ ಹಸಿರಾಯಿತು. ಓಟ್ಸ್ ಗಿಡಕ್ಕೆ ಮಾತ್ರ ಅದರಿಂದ ಅಂಥ ಉಪಕಾರವಾಗಲಿಲ್ಲ. ಅಲ್ಲಿಗೆ ಒಂದು ಮಾತು ಸ್ಪಷ್ಟವಾಯಿತು: ಹೊಲದ ಮಣ್ಣಿನಲ್ಲಿರುವ ಯಾವುದೋ ಜೀವಿ ದ್ವಿದಳ ಸಸ್ಯದ ಬೇರಿನ ಗಂಟಿನಲ್ಲಿ ಸೇರಿ ಗಾಳಿಯ ಸಾರಜನಕವನ್ನು ದೊರಕಿಸಿಕೊಡುತ್ತದೆ. ಆ ಜೀವಿ ಯಾವುದೆಂಬುದು ಮಾತ್ರ ತಿಳಿದಿರಲಿಲ್ಲ. ಗಂಟಿನೊಳಗೆ ಕಾಣುವ ಕಣಗಳು ಜೀವಿಗಳೇ ಅಲ್ಲ, ಗಿಡವೇ ತಯಾರಿಸಿಕೊಂಡ ಸಾರಭಾಗವೆಂದು ವಾದಿಸುವವರೂ ಇದ್ದರು.

1888ರಲ್ಲಿ ಬೈಜರಿಂಕ್ ಉತ್ತರ ಕೊಟ್ಟನು. ಗಂಟಿನ ಹೊರಮೈಯನ್ನು ಶುದ್ಧಗೊಳಿಸಿ, ಒಳಗಿನ ರಸವನ್ನು ತೆಗೆದು, ದ್ವಿದಳ ಸಸ್ಯದ ಎಲೆಯ ಕಷಾಯ ಬೆರೆಸಿದ ಜಿಲಾಟಿನ್ನಿನ ಮೇಲೆ ಹರಡಿದನು. ಸಾಮಾನ್ಯ ಮಾಂಸರಸದ ಮಾಧ್ಯಮದ ಬದಲು ಆತಿಥೇಯ ಗಿಡದ ರಸವನ್ನೇ ಉಣಬಡಿಸಿದ್ದು ಅವನ ಜಾಣ್ಮೆ. ಜೀವಿ ಬೆಳೆಯಿತು. ಅದಕ್ಕೆ ಬೇರಿನಲ್ಲಿ ವಾಸಿಸುವುದೆಂಬ ಅರ್ಥ ಬರುವಂತೆ ಬ್ಯಾಸಿಲಸ್ ರೇಡಿಸಿಕೋಲ ಎಂದು ಹೆಸರಿಟ್ಟನು. ಇದಾದ ಮೇಲೆ ಶುದ್ಧವಾಗಿ ಬೆಳೆಸಿದ ಈ ಏಕಾಣುಜೀವಿಯನ್ನು ಗಂಟಿಲ್ಲದ ಸಸಿಗೆ ಸೋಂಕಿಸಿ ಗಂಟು ಮೂಡುವುದನ್ನೂ ತೋರಿಸಿದನು. ಪೋಲೆಂಡಿನ ಪ್ರಾಜ್‌ಮೋವ್‌ಸ್ಕಿ ಅದೇ ಕಾಲದಲ್ಲಿ ಇದನ್ನು ಸ್ವತಂತ್ರವಾಗಿ ಸಾಧಿಸಿದನು. ಈ ಗುಂಪಿನ ಜೀವಿಗಳಿಗೆ ಇಂದು ರೈಜೋಬಿಯಂ ಎಂಬ ಹೆಸರಿದೆ. ಅದನ್ನು ಕೊಟ್ಟವನು 1889ರಲ್ಲಿ ಜರ್ಮನಿಯ ಫ್ರ್ಯಾಂಕ್.

ಆದರೆ ಬೈಜರಿಂಕ್‌ನ ಗೆಲುವು ಪೂರ್ಣವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಗಿಡದಿಂದ ಬೇರ್ಪಡಿಸಿದ ಈ ಜೀವಿ ತಾನೊಂದೇ ಗಾಳಿಯ ಸಾರಜನಕವನ್ನು ಹಿಡಿಯುವುದೆಂದು ತೋರಿಸಲು ಅವನಿಂದ ಆಗಲಿಲ್ಲ. ಆಮ್ಲಜನಕ ಅತಿ ಕಡಿಮೆಯಿರುವ ವಿಶೇಷ ಸನ್ನಿವೇಶವನ್ನು ಒದಗಿಸಿ ಅದನ್ನು ಸಾಧಿಸಿದುದು 1975ರಲ್ಲಿ, ಅವನು ಕಾಲವಾಗಿ ನಾಲ್ಕು ದಶಕಗಳು ಕಳೆದ ಮೇಲೆ. ಸಾರಜನಕವನ್ನು ಸ್ಥಿರೀಕರಿಸುವ ಕಿಣ್ವಕ್ಕೆ ಆಮ್ಲಜನಕ ಮಾರಕ. ಗಿಡ ತನ್ನ ಗಂಟಿನೊಳಗೆ ನಮ್ಮ ರಕ್ತದ ಕೆಂಪುವಸ್ತುವನ್ನು ಹೋಲುವ ಪದಾರ್ಥವೊಂದನ್ನು ಇಟ್ಟುಕೊಂಡು ಆಮ್ಲಜನಕವನ್ನು ಹದವರಿತು ಒದಗಿಸುತ್ತದೆ. ತೊಗರಿಯ ಬೇರುಗಂಟನ್ನು ಸೀಳಿದಾಗ ಒಳಗೆ ಕೆಂಪು ಛಾಯೆ ಕಂಡರೆ ಅದು ಕೆಲಸ ಮಾಡುತ್ತಿದೆಯೆಂದೇ ಅರ್ಥ. ಗಿಡ ಸಕ್ಕರೆಯನ್ನು ಕೊಡುತ್ತದೆ, ಜೀವಿ ಅಮೋನಿಯವನ್ನು ಕೊಡುತ್ತದೆ. ಒಂದನ್ನು ಬಿಟ್ಟು ಇನ್ನೊಂದರಿಂದ ಆ ಕೆಲಸ ಸುಲಭವಾಗಿ ಆಗುವುದಿಲ್ಲ.

5

1895ರಲ್ಲಿ ಬೈಜರಿಂಕ್ ಡೆಲ್ಫ್ಟಿನ ತಾಂತ್ರಿಕ ಶಾಲೆಯಲ್ಲಿ ಪ್ರಾಧ್ಯಾಪಕನಾದನು. ಅವನಿಗಾಗಿ ಹೊಸ ಪ್ರಯೋಗಾಲಯವನ್ನೂ ವಾಸದ ಮನೆಯನ್ನೂ ತೋಟವನ್ನೂ ಒದಗಿಸಲಾಯಿತು. ಆತ ಮದುವೆಯಾಗಲಿಲ್ಲ. ಸೋದರಿಯರೊಡನೆ ಅವನ ಸಂಸಾರ. ಅವರಲ್ಲಿ ಹೆನ್ರಿಯೆಟ್ ಅವನ ಪಾಠಗಳಿಗೆ ಬೇಕಾದ ದೊಡ್ಡ ಚಿತ್ರಪಟಗಳನ್ನು ಬರೆದುಕೊಡುತ್ತಿದ್ದಳು. ವಿಜ್ಞಾನಕ್ಕೆ ಮುಡಿಪಾದವನಿಗೆ ಸಂಸಾರ ಸಲ್ಲದೆಂಬುದು ಅವನ ನಿಲುವು. ಸಹಾಯಕರಿಂದಲೂ ಅದನ್ನೇ ನಿರೀಕ್ಷಿಸಿ ಅವರ ಬೇಸರಕ್ಕೆ ಕಾರಣನಾದನು. ವಿದ್ಯಾರ್ಥಿಗಳನ್ನು ಗದರಿಸುವುದಕ್ಕೂ ಹೆಸರಾದನು. ಎರಡು ಜೀವಿಗಳು ಪರಸ್ಪರ ಕೊಟ್ಟು ಪಡೆದು ಬಾಳುವ ಬಗೆಯನ್ನು ಲೋಕಕ್ಕೆ ವಿವರಿಸಿದವನು ತನ್ನ ಸುತ್ತಲಿನ ಮನುಷ್ಯರೊಡನೆ ಹೊಂದಿ ಬಾಳಲು ಪಟ್ಟ ಪಾಡು ಅವನ ಬದುಕಿನ ವ್ಯಂಗ್ಯವೆನ್ನಬಹುದು.

ಆದರೆ ಅವನ ಸಾಧನೆಯ ಅತ್ಯುನ್ನತ ಕಾಲವೂ ಇದೇ. 1898ರಲ್ಲಿ ಹೊಗೆಸೊಪ್ಪಿನ ಎಲೆಚುಕ್ಕೆ ರೋಗವನ್ನು ಪರಿಶೀಲಿಸಿ, ಏಕಾಣುಜೀವಿಗಳನ್ನು ತಡೆಹಿಡಿಯುವ ಶೋಧಕದ ಮೂಲಕವೂ ರೋಗಕಾರಕ ಹಾದುಬರುವುದನ್ನು ಕಂಡು, ಅದು ಜೀವಂತ ಗಿಡದಲ್ಲಿ ಮಾತ್ರ ವೃದ್ಧಿಯಾಗುವ ಹೊಸ ಬಗೆಯ ಸೋಂಕುವಸ್ತುವೆಂದು ಸಾರಿದನು. ರಷ್ಯದ ಇವನೋವ್‌ಸ್ಕಿ 1892ರಲ್ಲೇ ಇಂಥ ಶೋಧನೆಯನ್ನು ಪ್ರಕಟಿಸಿದ್ದರೂ ಅದರ ಪೂರ್ಣ ಅರ್ಥವನ್ನು ಗ್ರಹಿಸಿದವನು ಬೈಜರಿಂಕ್. ವೈರಸ್ ಎಂಬ ಪರಿಕಲ್ಪನೆ ಬೆಳೆದುದು ಇಲ್ಲಿಂದ. ತಂದೆಯನ್ನು ದಿವಾಳಿಯಾಗಿಸಿದ ಹೊಗೆಸೊಪ್ಪೇ ಮಗನಿಗೆ ಕೀರ್ತಿಯನ್ನು ತಂದಿತು.

ಬೇಸಾಯದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದುದು ಅವನು ರೂಪಿಸಿದ ವಿಧಾನ. ಮಣ್ಣಿನ ಚಿಟಿಕೆಯೊಂದರಲ್ಲಿ ಕೋಟಿಗಟ್ಟಲೆ ಜೀವಿಗಳಿರುತ್ತವೆ. ಅವುಗಳಲ್ಲಿ ಬೇಕಾದುದನ್ನು ಹುಡುಕುವುದು ಹೇಗೆ? ಬೈಜರಿಂಕ್ ಹುಡುಕಲಿಲ್ಲ, ಬೇಕಾದ ಜೀವಿ ಮಾತ್ರ ಬದುಕಬಲ್ಲ ಸನ್ನಿವೇಶವನ್ನು ನಿರ್ಮಿಸಿದನು. 1901ರಲ್ಲಿ ಸಕ್ಕರೆಯಂಥ ಮ್ಯಾನಿಟಾಲ್ ಹಾಗೂ ಫಾಸ್ಫೇಟ್ ಹಾಕಿದ, ಆದರೆ ಸಾರಜನಕವನ್ನು ಬೇಕೆಂದೇ ಹಾಕದ ತೆಳುವಾದ ನೀರಿಗೆ ತೋಟದ ಮಣ್ಣನ್ನು ಬೆರೆಸಿಟ್ಟನು. ಅಂಥ ನೀರಿನಲ್ಲಿ ತನ್ನ ಸಾರಜನಕವನ್ನು ಗಾಳಿಯಿಂದಲೇ ಪಡೆಯಬಲ್ಲ ಜೀವಿಗೆ ಮಾತ್ರ ಮೇಲುಗೈ. ಕೆಲವೇ ದಿನಗಳಲ್ಲಿ ನೀರಿನ ಮೇಲೆ ಕೆನೆಗಟ್ಟಿದ ಪೊರೆಯಿಂದ ಅಜಟೋಬ್ಯಾಕ್ಟರ್ ಎಂಬ ಜೀವಿಯನ್ನು ಪ್ರತ್ಯೇಕಿಸಿದನು. ಅದಕ್ಕೆ ಬೇರಿನ ಗಂಟು ಬೇಡ, ದ್ವಿದಳ ಸಸ್ಯವೂ ಬೇಡ. ಮಣ್ಣಿನಲ್ಲಿ ಸ್ವತಂತ್ರವಾಗಿ, ಗಾಳಿಯಾಡುವೆಡೆಯಲ್ಲಿ ಬಾಳುತ್ತದೆ. ಗಾಳಿಯಿಲ್ಲದೆಡೆ ಸಾರಜನಕವನ್ನು ಹಿಡಿಯುವ ಜೀವಿಯೊಂದನ್ನು ವಿನೊಗ್ರಾಡ್‌ಸ್ಕಿ ಇದಕ್ಕೆ ಕೆಲವು ವರ್ಷ ಮೊದಲೇ ಕಂಡುಹಿಡಿದಿದ್ದನು. ಹೀಗೆ ಮಣ್ಣು ಬರಿಯ ಜಡವಸ್ತುವಲ್ಲ, ದುಡಿಯುವ ಜೀವಿಗಳ ಸಮೂಹವೆಂಬ ತಿಳಿವು ನೆಲೆಗೊಂಡಿತು.

6

ಈ ಶೋಧನೆಗಳ ಕಾಲದಲ್ಲಿ ಯೂರೋಪು ಅನ್ನದ ಚಿಂತೆಯಲ್ಲಿತ್ತು. 1898ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್, ಗೋಧಿ ಬೆಳೆಗೆ ಆಧಾರವಾಗಿದ್ದ ಚಿಲಿ ದೇಶದ ನೈಟ್ರೇಟ್ ನಿಕ್ಷೇಪಗಳು ಬರಿದಾಗುವುದೆಂದು ಎಚ್ಚರಿಸಿದ್ದನು. ಎರಡು ದಾರಿಗಳಿದ್ದುವು. ಒಂದು ಜೀವಿಗಳ ದಾರಿ. ಜರ್ಮನಿಯ ನೊಬ್ಬೆ ಮತ್ತು ಹಿಲ್ಟ್‌ನರ್ 1896ರಲ್ಲಿ ಬೇರುಗಂಟಿನ ಜೀವಿಗಳನ್ನು ಬೆಳೆಸಿ ನೈಟ್ರಾಜಿನ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ಇನ್ನೊಂದು ಕಾರ್ಖಾನೆಯ ದಾರಿ. ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಸಾಧಿಸಿದ ಅಮೋನಿಯದ ತಯಾರಿಕೆಯನ್ನು ಬಾಷ್ 1913ರಲ್ಲಿ ದೊಡ್ಡ ಕಾರ್ಖಾನೆಯಾಗಿ ಬೆಳೆಸಿದನು. ಅದಕ್ಕೆ ನಾನೂರು ಡಿಗ್ರಿಗೂ ಮೇಲಿನ ಉಷ್ಣತೆ, ವಾಯುಮಂಡಲದ ನೂರಾರು ಪಟ್ಟು ಒತ್ತಡ ಬೇಕು. ಅದೇ ಕೆಲಸವನ್ನು ಅವರೆಯ ಬೇರು ಹೊಲದ ಸಾಧಾರಣ ತಾಪಮಾನದಲ್ಲಿ, ಬಿಸಿಲಿನಿಂದ ಗಳಿಸಿದ ಸಕ್ಕರೆಯನ್ನು ವೆಚ್ಚಮಾಡಿ ನಡೆಸುತ್ತದೆ. ಇಪ್ಪತ್ತನೆಯ ಶತಮಾನ ಕಾರ್ಖಾನೆಯ ದಾರಿಯನ್ನೇ ಮುಖ್ಯವಾಗಿ ಹಿಡಿಯಿತು. ಅದು ಕೋಟ್ಯಂತರ ಜನರಿಗೆ ಅನ್ನವನ್ನು ಕೊಟ್ಟಿತೆಂಬುದು ನಿಜ; ಇಂಧನದ ಅಪಾರ ವೆಚ್ಚವನ್ನೂ, ಬಾವಿಗಳ ನೀರಿಗೆ ಸೇರುವ ನೈಟ್ರೇಟನ್ನೂ ಜೊತೆಗೆ ತಂದಿತೆಂಬುದೂ ಅಷ್ಟೇ ನಿಜ.

ಭಾರತದಲ್ಲಿ ಬೇರುಗಂಟಿನ ಜೀವಿಗಳ ಅಧ್ಯಯನ 1920ರಲ್ಲಿ ಬಿಹಾರದ ಪೂಸಾ ಕೃಷಿ ಸಂಶೋಧನಾ ಕೇಂದ್ರದ ಎನ್. ವಿ. ಜೋಶಿಯವರ ಕಾರ್ಯದಿಂದ ಆರಂಭವಾಯಿತು. ಭತ್ತದ ಗದ್ದೆಯ ನೀಲಿ-ಹಸಿರು ಪಾಚಿ ಸಾರಜನಕವನ್ನು ಒದಗಿಸುವುದೆಂದು ಪಿ. ಕೆ. ಡೇ ಅವರು 1939ರಲ್ಲಿ ತೋರಿಸಿದರು. ಈ ಕಾರ್ಯಗಳಿಗೆ ಹಿನ್ನೆಲೆಯಾಗಿ ಡೆಲ್ಫ್ಟಿನ ಪ್ರಯೋಗಾಲಯದ ವಿಧಾನಗಳಿವೆ.

7

1921ರಲ್ಲಿ ಎಪ್ಪತ್ತು ತುಂಬಿದಾಗ ಬೈಜರಿಂಕ್ ನಿಯಮದಂತೆ ನಿವೃತ್ತನಾದನು. ಪ್ರಯೋಗಾಲಯವನ್ನು ಬಿಟ್ಟುಹೋಗುವುದು ಅವನಿಗೆ ನೋವಿನ ಸಂಗತಿಯಾಗಿತ್ತು. ಸೋದರಿಯರೊಡನೆ ಗೊರ್ಸೆಲ್ ಎಂಬ ಹಳ್ಳಿಯಲ್ಲಿ ನೆಲೆಸಿ, ಹುಡುಗತನದ ಒಲವಾದ ಗಿಡಗಳ ಕಡೆಗೆ ಹಿಂದಿರುಗಿದನು. 1925ರಲ್ಲಿ ಆತ ಹೆಸರಿಸಿದ ಸುರುಳಿಯಾಕಾರದ ಜೀವಿಯೊಂದು ಹಲವು ದಶಕಗಳ ಕಾಲ ಮರೆತುಹೋಗಿ, 1970ರ ದಶಕದಲ್ಲಿ ಬ್ರೆಜಿಲ್ಲಿನ ಯೋಹಾನ್ನ ಡೊಬೆರೈನರ್ ಅವರ ಸಂಶೋಧನೆಯಿಂದ ಮತ್ತೆ ಬೆಳಕಿಗೆ ಬಂದಿತು. ಅಜೊಸ್ಪಿರಿಲಂ ಎಂಬ ಹೆಸರಿನಿಂದ ರಾಗಿ, ಜೋಳ, ಕಬ್ಬುಗಳಿಗೆ ಅದನ್ನು ಇಂದು ಬಳಸುತ್ತಾರೆ. 1931ರ ಜನವರಿ 1ರಂದು ಬೈಜರಿಂಕ್ ಕಾಲವಾದನು.

ಅವನ ಕೆಲಸದ ಫಲ ಇಂದು ರೈತನ ಕೈಗೆ ಪುಟ್ಟ ಪೊಟ್ಟಣವಾಗಿ ಬಂದಿದೆ. ಬೆಲ್ಲದ ನೀರನ್ನು ಕುದಿಸಿ, ಆರಿಸಿ, ಪೊಟ್ಟಣದ ಕರಿಪುಡಿಯನ್ನು ಅದರಲ್ಲಿ ಕಲಸಿ, ಬಿತ್ತನೆಯ ಕಾಳಿಗೆ ಸವರಿ, ನೆರಳಿನಲ್ಲಿ ಒಣಗಿಸಿ ಆ ಕೂಡಲೇ ಬಿತ್ತಬೇಕು. ಸಾಮಾನ್ಯವಾಗಿ ಹತ್ತು ಕಿಲೋ ಬೀಜಕ್ಕೆ 200 ಗ್ರಾಮ್ ಪುಡಿ ಸಾಕು. ಪ್ರತಿಯೊಂದು ಕಾಳಿಗೂ ಅದರದೇ ಜೀವಿ ಬೇಕು. ಸೋಯಾ ಅವರೆಯ ಜೀವಿ ಕಡಲೆಗೆ ಒದಗದು. ಬಿಸಿಲಿನಲ್ಲಿ ಬಿದ್ದ ಪೊಟ್ಟಣದಲ್ಲಿ ಜೀವವುಳಿಯದು. ಇದು ರಾಸಾಯನಿಕವಲ್ಲ, ಜೀವವೆಂಬುದನ್ನು ಮರೆತಾಗ ಫಲ ಸಿಗುವುದಿಲ್ಲ. ದೋಷ ಜೀವಿಯ ಮೇಲೆ ಬೀಳುತ್ತದೆ. ಮಣ್ಣಿನಲ್ಲಿ ರಂಜಕ ಕಡಿಮೆಯಿದ್ದರೂ, ನೀರು ನಿಂತರೂ, ಯೂರಿಯ ಅತಿಯಾದರೂ ಗಂಟು ಸರಿಯಾಗಿ ಮೂಡದು. ಬೇಡದಷ್ಟು ಸಾರಜನಕ ಮಣ್ಣಿನಲ್ಲೇ ಸಿಕ್ಕಾಗ ಗಿಡ ತನ್ನ ಒಡನಾಡಿಯನ್ನು ಸಾಕುವ ಗೋಜಿಗೆ ಹೋಗುವುದಿಲ್ಲ.

ಕೋರಾಡಿಯ ನೆರೆಯ ಖಾಪರಖೇಡದ ಬೂದಿಯ ದಿಬ್ಬದ ಮೇಲೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಇದೇ ಜೀವಿಗಳನ್ನು ದುಡಿಮೆಗೆ ಹಚ್ಚಿತು. ಕೊಟ್ಟಿಗೆ ಗೊಬ್ಬರದೊಡನೆ ಸಾರಜನಕವನ್ನು ಹಿಡಿಯುವ ಏಕಾಣುಜೀವಿಗಳನ್ನೂ ಬೇರಿಗೆ ಒದಗುವ ಶಿಲೀಂಧ್ರವನ್ನೂ ಬೂದಿಗೆ ಸೇರಿಸಿ ಅಲ್ಲಿ ಗಿಡಮರಗಳನ್ನು ಬೆಳೆಸಲಾಯಿತು. ಬೆಂಕಿ ಕಳೆದುಕೊಂಡ ಸಾರಜನಕವನ್ನು ಗಾಳಿಯಿಂದ ನೆಲಕ್ಕೆ ಮರಳಿ ತರುವ ಕೆಲಸವದು. ಸಾರಜನಕವೇ ಇಲ್ಲದ ನೀರಿನಲ್ಲಿ ಬದುಕಬಲ್ಲ ಜೀವಿಯನ್ನು ಬೈಜರಿಂಕ್ ತನ್ನ ಗಾಜಿನ ಪಾತ್ರೆಯಲ್ಲಿ ಕರೆದು ತೋರಿಸಿದ್ದನು. ಬೂದಿಯ ದಿಬ್ಬ ಅಂಥದೇ ಪಾತ್ರೆ, ಗಾತ್ರ ಮಾತ್ರ ದೊಡ್ಡದು.

ಬೈಜರಿಂಕ್ ಭಾರತವನ್ನು ಕಂಡವನಲ್ಲ. ತೊಗರಿಯ ಸಾಲು ನಡುವೆಯಿರುವ ಹತ್ತಿಯ ಹೊಲವನ್ನೂ ಅವರೆ ಹಬ್ಬಿದ ರಾಗಿಯ ಹೊಲವನ್ನೂ ನೋಡಿದವನಲ್ಲ. ಆದರೂ ನಮ್ಮ ರೈತನು ಅನುಭವದಿಂದ ಕಂಡುಕೊಂಡಿದ್ದ ಸತ್ಯಕ್ಕೆ ಕಾರಣವನ್ನು ಒದಗಿಸಿದವರಲ್ಲಿ ಅವನು ಮುಖ್ಯನು. ಅಕ್ಕಡಿ ಸಾಲನ್ನು ಕೈಬಿಟ್ಟು ಒಂದೇ ಬೆಳೆಯ ಬೇಸಾಯಕ್ಕೆ ಹೊರಳಿದ ನೆಲಕ್ಕೆ ಆ ಕಾರಣವನ್ನು ಮತ್ತೆ ನೆನಪಿಸುವ ಹೊಣೆ ಇಂದಿನವರದು. ಒಂಟಿಯಾಗಿ ಬಾಳಿದ ಈ ವಿಜ್ಞಾನಿ ಬಿಟ್ಟುಹೋದ ಅರಿವಿನ ತಿರುಳು ಇಷ್ಟೇ: ಮಣ್ಣಿನಲ್ಲಿ ಯಾವ ಬೆಳೆಯೂ ಒಂಟಿಯಾಗಿ ಬೆಳೆಯುವುದಿಲ್ಲ.